ಪ್ರತಿ ಸಲ ಯಾಕೆ ಸತ್ತೆ ಅಂತ ಬರೆದಿಟ್ಟೆ: ಕಾಲ್ ಆಫ್ ಡ್ಯೂಟಿ, ಬ್ಯಾಟಲ್‌ಫೀಲ್ಡ್ ಮತ್ತು ನಾನು

ಬಳ್ಳಾರಿಯ ನಮ್ಮ ಓಣಿಯ ಕೆಫೆಯಲ್ಲಿ ಎಂಟು ಕಂಪ್ಯೂಟರ್ ಇದ್ದವು. ಎಲ್ಲದರಲ್ಲೂ ವಿಂಡೋಸ್ ಎಕ್ಸ್‌ಪಿ, ಎಲ್ಲದರಲ್ಲೂ 2007ರ ಕಾಲ್ ಆಫ್ ಡ್ಯೂಟಿ 4 ಅನ್ನೋ ಬಂದೂಕಿನ ಯುದ್ಧದ ಆಟ. ನೆಟ್ ಬೇಡ, ಕಂಪ್ಯೂಟರ್ ಕಂಪ್ಯೂಟರ್ ಜೋಡಿಸುವ ಲ್ಯಾನ್ ಕೇಬಲ್ ಸಾಕು. 2011ರಲ್ಲಿ ಅದೇ ಥರದ ಇನ್ನೊಂದು ಆಟ, ಬ್ಯಾಟಲ್‌ಫೀಲ್ಡ್ 3 ಬಂತು. "ಅಣ್ಣಾ, ಅದನ್ನ ಹಾಕ್ರಿ" ಅಂತ ದುಂಬಾಲು ಬಿದ್ದೆವು. ಆದರೆ ಅದು ಎಕ್ಸ್‌ಪಿಯಲ್ಲಿ ಓಡುವುದೇ ಇಲ್ಲ, ಜೊತೆಗೆ ನಾಲ್ಕು ಜನರ ಜೊತೆ ಆಡೋಕೆ ನೆಟ್ ಬೇಕೇ ಬೇಕು. ಆದರೂ ಯಾವುದು ಮೇಲು ಅಂತ ದಿನಾ ಜಗಳ. ಜಗಳ ಆಡುವವರಲ್ಲಿ ಬಹಳ ಜನ ಒಂದನ್ನಷ್ಟೇ ಆಡಿದ್ದವರು. ನಾನೂ ಅವರಲ್ಲೊಬ್ಬ.

ಮನೆಗೆ ಸ್ವಂತ ಕಂಪ್ಯೂಟರ್ ಬಂದ ಮೇಲೆ ಒಂದು ತಿಂಗಳು ದಿನ ಬಿಟ್ಟು ದಿನ ಎರಡನ್ನೂ ಆಡಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ಗ್ರಾಫಿಕ್ಸ್ ಬಗ್ಗೆ ಎಲ್ಲರೂ ಹೇಳ್ತಾರೆ, ಬಿಡಿ. ನಾನು ಬರೆದದ್ದು ಒಂದೇ: ಈ ಸಲ ಯಾಕೆ ಸತ್ತೆ?

ಕಾಲ್ ಆಫ್ ಡ್ಯೂಟಿ ಪುಟ ಸುಲಭವಾಗಿ ತುಂಬಿತು. ಸತ್ತ ಕೂಡಲೇ ಕೊಂದವನ ಕಣ್ಣಿಂದ ರೀಪ್ಲೇ ತೋರಿಸುತ್ತದೆ ಅಲ್ವಾ? "ಮೂಲೆ ತಿರುಗಿದೆ." "ಬೆನ್ನ ಹಿಂದೆ ಬಂದ." "ಹಲಗೆ ಗೋಡೆ ಆಚೆಯಿಂದಲೇ ಹೊಡೆದ." ಕೌಲ್ ಬಜಾರಿನ ಸಂದಿಗಳಲ್ಲಿ ಕಣ್ಣಾಮುಚ್ಚಾಲೆ ಆಡಿದ ಹಾಗೆ. ಬೆರಳು ಚುರುಕಾಗಿದ್ದರೆ ಗೆದ್ದೆ.

ಬ್ಯಾಟಲ್‌ಫೀಲ್ಡ್ ಪುಟ ಬೇರೆಯೇ. ಅಲ್ಲಿ ಪಿಸಿಯಲ್ಲಿ 64 ಜನ ಒಟ್ಟಿಗೆ ಆಡುತ್ತಾರೆ. ಮೊದಲ ದಿನ "ಎಲ್ಲಿಂದ ಹೊಡೆದರೋ" ಅಂತಲೇ ಆರು ಸಲ ಬರೆದಿದ್ದೇನೆ. ಆಟದ ರಣರಂಗಗಳಲ್ಲಿ ಒಂದಾದ ಕ್ಯಾಸ್ಪಿಯನ್ ಬಾರ್ಡರ್ ಮ್ಯಾಪ್‌ನ ಗುಡ್ಡ ಹತ್ತಿ, ದೂರಕ್ಕೆ ಹೊಡೆಯುವ ಸ್ನೈಪರ್ ಬಂದೂಕು ಹಿಡಿದು, ದೂರದಲ್ಲಿ ನಿಂತವನ ತಲೆಗೇ ಗುರಿ ಇಟ್ಟೆ. ಧೂಳು ಎದ್ದದ್ದು ಅವನ ಕಾಲ ಹತ್ತಿರ. ಅವನು ತಿರುಗಿ ನನ್ನನ್ನೇ ಹೊಡೆದ. ಕಾಲ್ ಆಫ್ ಡ್ಯೂಟಿ 4ರಲ್ಲಿ ಗುರಿ ಇಟ್ಟಲ್ಲಿಗೆ ಗುಂಡು ಆ ಕ್ಷಣವೇ ತಾಗುತ್ತದೆ. ಇಲ್ಲಿ ಗುಂಡು ಹೋಗಲು ಹೊತ್ತು ಬೇಕು, ದೂರ ಹೋದಷ್ಟೂ ಕೆಳಗೆ ಇಳಿಯುತ್ತದೆ. ನಮ್ಮ ಬಳ್ಳಾರಿ ಗುಡ್ಡದ ಮೇಲಿಂದ ಕಲ್ಲು ಬೀಸಿದವನಿಗೆ ಇದನ್ನು ಹೇಳಿಕೊಡಬೇಕಾ? ತಲೆಗಿಂತ ಸ್ವಲ್ಪ ಮೇಲೆ, ಅವನು ಓಡುತ್ತಿದ್ದರೆ ಸ್ವಲ್ಪ ಮುಂದೆ. ಕೈ ಕೂರಲು ಒಂದು ವಾರ ಹಿಡಿಯಿತು. ಗೋಡೆ ಹಿಂದೆ ಕೂತರೂ ಉಪಯೋಗವಿಲ್ಲ, ಟ್ಯಾಂಕ್ ಬಂದರೆ ಗೋಡೆಯನ್ನೇ ಉರುಳಿಸುತ್ತದೆ.

ತಿಂಗಳ ಕೊನೆಗೆ ಎಣಿಸಿದೆ. ಬ್ಯಾಟಲ್‌ಫೀಲ್ಡ್ ಪುಟಗಳಲ್ಲಿ ಜಾಸ್ತಿ ಇದ್ದ ಮಾತು "ಒಬ್ಬನೇ ಹೋದೆ". ಅದು ಕಾಲ್ ಆಫ್ ಡ್ಯೂಟಿ ಹಚ್ಚಿದ ಚಟ. ಅಲ್ಲಿ ಸಾಯದೆ ಮೂವರನ್ನು ಕೊಂದರೆ ರಾಡಾರ್, ಐವರನ್ನು ಕೊಂದರೆ ಬಾಂಬ್ ದಾಳಿ, ಏಳು ಜನರನ್ನು ಕೊಂದರೆ ಹೆಲಿಕಾಪ್ಟರ್ ಕೈಗೆ ಸಿಗುತ್ತದೆ. ಒಬ್ಬನೇ ನುಗ್ಗಿದಷ್ಟೂ ಲಾಭ. ಬ್ಯಾಟಲ್‌ಫೀಲ್ಡ್‌ನ ಕಾಂಕ್ವೆಸ್ಟ್ ಎಂಬ ಆಟದ ಬಗೆಯಲ್ಲಿ ನಾನು ಸತ್ತು ಮತ್ತೆ ಹುಟ್ಟಿದಾಗಲೆಲ್ಲ ತಂಡದ ಒಂದು ಟಿಕೆಟ್ ಖರ್ಚು, ಟಿಕೆಟ್ ಖಾಲಿಯಾದರೆ ತಂಡ ಸೋತಂತೆ. ಸುಮ್ನೆ ನುಗ್ಗಿ ನುಗ್ಗಿ ನನ್ನ ತಂಡವನ್ನು ನಾನೇ ಸೋಲಿಸುತ್ತಿದ್ದೆ.

ನನಗೀಗ ಬ್ಯಾಟಲ್‌ಫೀಲ್ಡೇ ಇಷ್ಟ. ಕೆಫೆ ಗೆಳೆಯನಿಗೆ ನೋಟ್‌ಬುಕ್ ತೋರಿಸಿದೆ. ಮಿರ್ಚಿ ತಿಂದ ಎಣ್ಣೆ ಕೈಯಲ್ಲೇ ಪುಟ ತಿರುವಿ, "ಇಷ್ಟು ಸಲ ಸತ್ತೀಯಾ ಲೇ?" ಅಂದ. ಆಮೇಲೆ ಅದೇ ಕೈಯಲ್ಲಿ ಮೌಸ್ ಹಿಡಿದು ಕಾಲ್ ಆಫ್ ಡ್ಯೂಟಿ ತೆರೆದ.