ಕಾಗೆಗೆ ಕಪ್ಪು ಹಚ್ಚಬೇಡಿ

ನಮ್ಮ ಮನೆಯ ದಸರಾ ಗೊಂಬೆಗಳ ಪಕ್ಕ ಪ್ರತಿ ವರ್ಷ ನಾನೇ ಮಾಡಿದ ಒಂದು ಪುಟ್ಟ ದೃಶ್ಯ ಇಡುತ್ತೇನೆ. ಹೋದ ಸಲ ತಾರಸಿಯ ಮೇಲೆ ಹಪ್ಪಳ ಒಣಗಿಸುವ ದೃಶ್ಯ. ಹಾಸಿದ ಹಳೇ ಸೀರೆ, ಕೋಲು ಹಿಡಿದು ಕಾವಲು ಕೂತ ಅಜ್ಜಿ, ಗೋಡೆಯ ಮೇಲೆ ಹೊಂಚು ಹಾಕುವ ಕಾಗೆ. ಅಜ್ಜಿ, ಸೀರೆ, ಹಪ್ಪಳ ಎಲ್ಲ ನಾಲ್ಕು ದಿನದಲ್ಲಿ ಮುಗಿದವು. ಕಾಗೆ ಮಾತ್ರ ಮೂರು ವಾರ ತಿಂದಿತು.

ಊರ ಕಾಗೆ ಸುಮಾರು 40 ಸೆಂ.ಮೀ. ಉದ್ದ. ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ 3.3 ಸೆಂ.ಮೀ. ತಂತಿಗೆ ಎಂ-ಸೀಲ್ (ಕಲಸಿದರೆ ಗಟ್ಟಿಯಾಗುವ ಅಂಟು ಹಿಟ್ಟು) ಮೆತ್ತಿ, ಗಟ್ಟಿಯಾಗುವ ಮೊದಲೇ ಸೂಜಿಯಿಂದ ಗರಿ ಗೀರಿದೆ. ಮೊದಲು ಹಚ್ಚುವ ತಳಬಣ್ಣ, ಅಂದರೆ ಪ್ರೈಮರ್, ಒಣಗಿದ ಮೇಲೆ ಟ್ಯೂಬಿನ ಕಪ್ಪು ಅಕ್ರಿಲಿಕ್ ಹಚ್ಚಿದೆ. ಕಾಗೆ ಕಪ್ಪು ಅಲ್ವಾ, ಇದರಲ್ಲೇನು ಮಹಾ ಅಂದುಕೊಂಡಿದ್ದೆ. ಅಮ್ಮ ನೋಡಿ, "ಗೋಡೆ ಮೇಲೆ ಇದ್ದಿಲು ಯಾಕೋ ಇಟ್ಟಿದ್ದೀಯ?" ಅಂದರು. ಕಷ್ಟಪಟ್ಟು ಗೀರಿದ ಗರಿ ಒಂದೂ ಕಾಣುತ್ತಿರಲಿಲ್ಲ. ಅಚ್ಚ ಕಪ್ಪಿನ ಮೇಲೆ ನೆರಳು ಎಲ್ಲಿಂದ ಕಾಣಬೇಕು? ಅಂಚಿಗೆ ಬಿಳಿ ಸೇರಿಸಿ ನೋಡಿದೆ. ಸುಣ್ಣದ ಡಬ್ಬಕ್ಕೆ ಬಿದ್ದೆದ್ದ ಕಾಗೆ ಆಯಿತು. ಅಷ್ಟರಲ್ಲಿ ಬಣ್ಣದ ಮೇಲೆ ಬಣ್ಣ ಕೂತು ಗೀರುಗಳೂ ತುಂಬಿಹೋಗಿದ್ದವು. ಅದನ್ನು ಎಸೆದು ಹೊಸದು ಮಾಡಿದೆ.

ಮಾಡುವ ಮೊದಲು ಒಂದು ವಾರ ಸುಮ್ನೆ ಕಾಗೆ ನೋಡಿದೆ. ನಮ್ಮ ನೀರಿನ ಟ್ಯಾಂಕ್ ಮೇಲೆ ಬೆಳಿಗ್ಗೆ ಒಂದು ಬಂದು ಕೂರುತ್ತದೆ. ಬೆನ್ನಿನ ಮೇಲೆ ಆಕಾಶದ ನೀಲಿ. ರೆಕ್ಕೆಯಲ್ಲಿ ನೇರಳೆ, ಒಂಚೂರು ಹಸಿರು. ಈ ಮಿರುಗು ಬಣ್ಣದಿಂದ ಬಂದದ್ದಲ್ಲ. ಗರಿಯೊಳಗಿನ ತೆಳು ಪದರಗಳಿಗೆ ಬೆಳಕು ಬಿದ್ದು ವಾಪಸ್ ಬರುವ ರೀತಿಯಿಂದ ಬಂದದ್ದು. ಅದಕ್ಕೇ ಹಕ್ಕಿ ತಿರುಗಿದರೆ ಮಿರುಗೂ ಜಾಗ ಬದಲಿಸುತ್ತದೆ. ಗೊಂಬೆಯಲ್ಲಿ ಹಚ್ಚಿದ ಬಣ್ಣ ಹಚ್ಚಿದಲ್ಲೇ ಇರುತ್ತದಲ್ಲ, ಹಾಗಾಗಿ ಬೆಳಕು ಯಾವ ಕಡೆಯಿಂದ ಅಂತ ನಾವೇ ಮೊದಲು ಗೊತ್ತು ಮಾಡಿಕೊಳ್ಳಬೇಕು. ಅಜ್ಜಿಯ ಮುಖಕ್ಕೆ ಎಡಗಡೆಯಿಂದ ಬಿಸಿಲು ಕೊಟ್ಟಿದ್ದೆ. ಕಾಗೆಗೂ ಅದೇ ಬಿಸಿಲು.

ಎರಡನೇ ಸಲ ಕಪ್ಪು ಟ್ಯೂಬ್ ಮುಟ್ಟಲೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಬೆರೆಸಿದರೆ ಕಪ್ಪಿಗೆ ತೀರಾ ಹತ್ತಿರದ ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ತಣ್ಣಗಿನ ಕಪ್ಪು, ಕಂದು ಜಾಸ್ತಿಯಾದರೆ ಮಾಸಿದ ಕಪ್ಪು. ಬೆಳಕಿನ ಕಡೆಗೆ ಮೊದಲನೆಯದು, ಹೊಟ್ಟೆಯ ಅಡಿಗೆ ಎರಡನೆಯದು. ಗರಿಯ ಅಂಚಿಗೆ ಇದೇ ಮಿಶ್ರಣಕ್ಕೆ ನೀಲಿ ಬೂದು ಸೇರಿಸಿ ಸೊನ್ನೆ ನಂಬರ್ ಬ್ರಷ್‌ನಿಂದ ಎಳೆದೆ. ಎಲ್ಲ ಗರಿಗೂ ಎಳೆಯಬಾರದು, ಮೀನಿನ ಹುರುಪೆ ಥರ ಕಾಣುತ್ತದೆ. ರೆಕ್ಕೆಯ ಉದ್ದ ಗರಿಗಳು, ಬಾಲದ ಮೇಲಿನ ಎರಡು ಗರಿ, ಅಷ್ಟು ಸಾಕು. ಬೆನ್ನಿನ ಸಣ್ಣ ಪುಕ್ಕಗಳಿಗೆ ಒಣ ಬ್ರಷ್, ಅಂದರೆ ಬಣ್ಣವನ್ನೆಲ್ಲ ಹೆಚ್ಚುಕಮ್ಮಿ ಒರೆಸಿ ತೆಗೆದ ಬ್ರಷ್, ಸವರಿದೆ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ, ಹಾಗಾಗಿ ಹಸಿಯಿದ್ದಾಗ ಸ್ವಲ್ಪ ತಿಳಿಯಾಗೇ ಕಾಣಬೇಕು.

ಆಮೇಲೆ ಮಿರುಗು. ಮೊದಲು ಹೊಳೆಯುವ ಪುಡಿ ಹಾಕಿ ಪೆಟ್ಟು ತಿಂದೆ: ಕಾಗೆ ಹೋಗಿ ಜೀರುಂಡೆ ಬಂತು. ಒರೆಸಿ, ಥ್ಯಾಲೋ ಅನ್ನುವ ಕಡು ನೀಲಿ ಮತ್ತು ನೇರಳೆಯನ್ನು ಮೀಡಿಯಂ (ಬಣ್ಣ ತೆಳುಮಾಡುವ ಪಾರದರ್ಶಕ ದ್ರವ) ಹಾಕಿ ತೀರಾ ತೆಳುಮಾಡಿ, ಬಿಸಿಲು ಬೀಳುವ ಕಡೆಗಷ್ಟೇ ಮೂರು ಸಲ ಹಾಯಿಸಿದೆ. ಮೊದಲ ಸಲ ಏನೂ ಕಾಣುವುದಿಲ್ಲ. ಆಗ ಗಾಬರಿಬಿದ್ದು ದಪ್ಪ ಹಚ್ಚಿದಿರೋ, ಮಿಂಚುಳ್ಳಿ ಆಗುತ್ತದೆ.

ಕತ್ತಿನ ಬೂದು ಇನ್ನೊಂದು ತಲೆನೋವು. ಹಣೆ, ನೆತ್ತಿ, ಗಂಟಲು ಕಪ್ಪು. ಕತ್ತು, ಎದೆ ಬೂದು. ನಡುವೆ ಗೆರೆ ಕಂಡರೆ ಮಫ್ಲರ್ ಸುತ್ತಿದ ಹಾಗಿರುತ್ತದೆ. ಸವೆದ ಬ್ರಷ್‌ನ ತುದಿಯಿಂದ ಚುಕ್ಕೆ ಚುಕ್ಕೆ ಒತ್ತಿ ಅಂಚು ಕರಗಿಸಿದೆ. ಕಾಡು ಕಾಗೆ ಮಾಡಿದ್ದರೆ ಈ ಕಾಟವೇ ಇರುತ್ತಿರಲಿಲ್ಲ, ಅದು ಇಡೀ ಕಪ್ಪು. ಆದರೆ ನಮ್ಮ ಟ್ಯಾಂಕ್ ಮೇಲೆ ಬರೋದು ಊರ ಕಾಗೆ!

ಬಣ್ಣ ಕಾಪಾಡಲು ಕೊನೆಗೆ ಹಚ್ಚುವ ವಾರ್ನಿಷ್ ವಿಷಯದಲ್ಲಿ ಅವಸರ ಮಾಡಿದೆ. ಮಳೆ ಹಿಡಿದಿದ್ದ ದಿನ ಹೊಳಪಿಲ್ಲದ ಮ್ಯಾಟ್ ಸ್ಪ್ರೇ ಹೊಡೆದೆ. ತೇವಕ್ಕೆ ಮೈಯೆಲ್ಲ ಬೆಳ್ಳಗೆ ಮಂಜು ಕಟ್ಟಿತು. ಬೆನ್ನಿನ ಬಣ್ಣ ಮತ್ತೆ ಮೊದಲಿಂದ. ಈಗ ಬ್ರಷ್‌ನಲ್ಲೇ ಹಚ್ಚುತ್ತೇನೆ: ಕತ್ತು, ಹೊಟ್ಟೆಗೆ ಮ್ಯಾಟ್, ನೆತ್ತಿ, ರೆಕ್ಕೆ, ಬಾಲಕ್ಕೆ ತುಸು ಹೊಳಪಿನ ಸ್ಯಾಟಿನ್, ಕಣ್ಣಿಗೆ ಮಾತ್ರ ಪೂರ್ತಿ ಹೊಳಪಿನ ಗ್ಲಾಸ್ ವಾರ್ನಿಷ್, ಅದೂ ಸೂಜಿಮೊನೆಯಷ್ಟು.

ಈ ವರ್ಷ ಅಜ್ಜಿಯ ಬೆನ್ನ ಹಿಂದೆ ಇನ್ನೊಂದು ಕಾಗೆ ಕೂರಿಸುತ್ತಿದ್ದೇನೆ. ಹಳೇ ಗರಿ ಬಿಸಿಲಿಗೆ ಮಾಸಿ ಕಂದಾಗುತ್ತದೆ. ಇದರ ಬಲರೆಕ್ಕೆಯಲ್ಲಿ ಅಂಥ ಎರಡು ಗರಿ ಇವೆ. ಹಪ್ಪಳ ಆಗಲೇ ಬಾಯಲ್ಲಿದೆ.