ಕರುವಿಗೆ ಭೇದಿಯಾದರೆ ಬೆಲ್ಲದ ನೀರು ಕುಡಿಸಬೇಡಿ
ಬೀದರ್ ಕಡೆ ದೇವಣಿ ತಳಿಯ ಕರುವಿಗೆ ಭೇದಿ ಹತ್ತಿದರೆ ಉಪ್ಪು-ಬೆಲ್ಲದ ನೀರು ಕುಡಿಸುವವರಿದ್ದಾರೆ. ಮನುಷ್ಯರಿಗೆ ಅದು ಸರಿ, ಕರುವಿಗಲ್ಲ. ಸಕ್ಕರೆ-ಬೆಲ್ಲ ಒಡೆಯುವ ಸುಕ್ರೇಸ್ ಕಿಣ್ವ ನಮ್ಮ, ನಾಯಿಯ, ಕೋಳಿಯ ಸಣ್ಣ ಕರುಳಲ್ಲಿದೆ. ದನ, ಕುರಿ, ಆಡಿಗಿಲ್ಲ. ಒಡೆಯದ ಸಕ್ಕರೆ ಕರುಳಲ್ಲೇ ಉಳಿದು ನೀರೆಳೆದು ಭೇದಿ ಹೆಚ್ಚಿಸುತ್ತದೆ.

ಗ್ಲೂಕೋಸ್ ಹಾಗಲ್ಲ. ಕರುಳಗೋಡೆಯ ಒಂದೇ ಬಾಗಿಲಲ್ಲಿ 1 ಗ್ಲೂಕೋಸ್ ಜೊತೆ ಉಪ್ಪಿನಲ್ಲಿರುವ 2 ಸೋಡಿಯಂ ಒಳಹೋಗುತ್ತವೆ, ನೀರು ಬೆನ್ನುಹತ್ತುತ್ತದೆ. ಅದಕ್ಕೇ ಉಪ್ಪೂ ಬೇಕು.

ಗ್ಲೂಕೋಸ್, ಉಪ್ಪು ಎರಡೂ ಇರುವ 20.5 ಗ್ರಾಂ ಓಆರ್‌ಎಸ್ ಪೊಟ್ಟಣವನ್ನು ಅಳೆದ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಪೂರ್ತಿ ಹಾಕಿ. ದಿನಕ್ಕೆ 2-3 ಸಲ, ಸಲಕ್ಕೆ 1-2 ಲೀಟರ್. ಹಾಲು ನಿಲ್ಲಿಸಬೇಡಿ, 2 ತಾಸು ಅಂತರವಿರಲಿ. ಬೆರಳು ಚೀಪದಷ್ಟು ಸೋತ ಕರುವಿನ ಬಾಯಿಗೆ ಸುರಿದರೆ ಶ್ವಾಸಕೋಶಕ್ಕಿಳಿಯಬಹುದು. ತಕ್ಷಣ ಪಶುವೈದ್ಯರನ್ನು ಕರೆಸಿ.