ಸೈಟ್ ತಗೊಳ್ಳೋ ಮುಂಚೆ ವಲಯ ಯಾವುದು ನೋಡಿ

ಹಾಸನದಲ್ಲಿ ಸಾಲಗಾಮೆ ರಸ್ತೆ, ಹೊಳೆನರಸೀಪುರ ರಸ್ತೆ ಕಡೆ ಸೈಟ್ ಹುಡುಕುತ್ತಿರುವವರಿಗೆ ಒಂದು ಮಾತು. ಅಡ್ವಾನ್ಸ್ ಕೊಡುವ ಮೊದಲು ಸರ್ವೆ ನಂಬರ್ ಕೇಳಿ ತಗೊಳ್ಳಿ. ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಲ್ಲಿ ಜಾಗ ಎಲ್ಲಿದೆ ನೋಡಿ. ಆಮೇಲೆ ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಿ, ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ನಂಬರ್ ಯಾವ ವಲಯಕ್ಕೆ ಬರುತ್ತದೆ ಅಂತ ಕೇಳಿ. ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಹಸಿರು ಬಣ್ಣ ಇದ್ದರೆ ಉದ್ಯಾನವೋ ಕೃಷಿಯೋ ಕೇಳಿ ತಿಳಿದುಕೊಳ್ಳಿ. ನಕ್ಷೆಯಲ್ಲಿ ಮುಂದೆ ಬರಲಿರುವ ರಸ್ತೆಗಳನ್ನೂ ಗುರುತಿಸಿರುತ್ತಾರೆ. ನಿಮ್ಮ ಸೈಟ್ ಮೇಲೆಯೇ ಆ ಗೆರೆ ಹಾದುಹೋಗಿದ್ದರೆ ಮನೆ ಕಟ್ಟಲು ಪರವಾನಗಿ ಸಿಗುವುದು ಕಷ್ಟ. ಇದನ್ನು ಬಹಳ ಜನ ನೋಡುವುದೇ ಇಲ್ಲ!

"ಡಿಸಿ ಕನ್ವರ್ಷನ್ ಆಗಿದೆ ಸಾರ್" ಅಂದ ಮಾತ್ರಕ್ಕೆ ಒಪ್ಪಬೇಡಿ. ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿ (ಡಿಸಿ) ಕೊಡುವ ಅನುಮತಿ, ಅಷ್ಟೇ. ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. ಕನ್ವರ್ಷನ್ ಆದೇಶದಲ್ಲಿ ವಸತಿಗೆ ಅಂತ ಬರೆದಿದೆಯೋ ವಾಣಿಜ್ಯಕ್ಕೆ ಅಂತಲೋ, ಅದನ್ನೂ ಓದಿ. ಪಹಣಿಯಲ್ಲಿ ಬಿ ಖರಾಬು ಕಂಡರೆ ಆ ಭಾಗ ಸರ್ಕಾರದ್ದು. ದಾರಿಯೋ, ಹಳ್ಳವೋ ಇರಬಹುದು, ಅದನ್ನು ಸೈಟ್‌ಗೆ ಸೇರಿಸಿ ಮಾರುತ್ತಿಲ್ಲ ತಾನೇ ಅಂತ ಅಳತೆ ಮಾಡಿಸಿ ನೋಡಿ.